ದೇವರು ಇದ್ದಾನಾ, ಇಲ್ವಾ, ಗೊತ್ತಿಲ್ವಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ತವರು ಮುಳಬಾಗಿಲು ಕಡೆಯ ಒಂದು ಹಳ್ಳಿ. ದೇವರ ವಿಷಯದಲ್ಲಿ ನನ್ನ ಉತ್ತರ “ಗೊತ್ತಿಲ್ಲ”. ಇದನ್ನು ಬಾಯಿಬಿಟ್ಟು ಹೇಳಿದ ತಪ್ಪಿಗೆ ವರ್ಷಗಳಿಂದ ಪ್ರಶ್ನೆಗಳು ಬರುತ್ತಲೇ ಇವೆ. ಮಕ್ಕಳು ಕೇಳುತ್ತಾರೆ, ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ. ಪಾಯಸ ಬರುವಷ್ಟರಲ್ಲಿ ಮುಗಿಯುವ ಉತ್ತರ ಅಲ್ಲ ಇದು. ಅದಕ್ಕೇ ಬರೆದಿಡುತ್ತಿದ್ದೇನೆ.

ಆಸ್ತಿಕ, ನಾಸ್ತಿಕ, ಅಜ್ಞೇಯತಾವಾದಿ: ಮೂವರಿಗೂ ಏನು ವ್ಯತ್ಯಾಸ?

ದೇವರಿದ್ದಾನೆ ಎಂದು ನಂಬುವವರು ಆಸ್ತಿಕರು. ನಂಬದವರು ನಾಸ್ತಿಕರು. ಇದ್ದಾನೋ ಇಲ್ಲವೋ ತಿಳಿದಿಲ್ಲ, ತಿಳಿಯುವ ದಾರಿಯೂ ಕಾಣುತ್ತಿಲ್ಲ ಎನ್ನುವವರು ಅಜ್ಞೇಯತಾವಾದಿಗಳು. ಪರೀಕ್ಷೆಗೆ ಬರೆಯುವುದಾದರೆ ಇಷ್ಟು ಸಾಕು.

ಆದರೆ ಈ ಮೂವರನ್ನೂ ಮೂರು ಬೆಂಚಿನ ಮೇಲೆ ಕೂರಿಸಿಬಿಟ್ಟರೆ ಎಡವಟ್ಟಾಗುತ್ತದೆ. ಯಾಕೆಂದರೆ ಇಲ್ಲಿ ಒಂದರೊಳಗೆ ಮೂರು ಪ್ರಶ್ನೆಗಳಿವೆ. “ನಿನಗೆ ಗೊತ್ತಾ?” ಅನ್ನುವುದು ಒಂದು. “ನೀನು ನಂಬ್ತೀಯಾ?” ಅನ್ನುವುದು ಇನ್ನೊಂದು. ಮೂರನೆಯದು ನಮ್ಮ ಕಡೆ ಎಲ್ಲರೂ ಕೇಳುವಂಥದ್ದು: “ನೀವು ಯಾವ ದೇವರಿಗೆ ನಡ್ಕೊಳ್ತೀರಾ?”

ಹೆಣ್ಣು ನೋಡಲು ಬಂದವರು ಕೇಳುವುದು ಈ ಮೂರನೆಯದನ್ನೇ. ತಿರುಪತಿಗೆ ನಡೆದುಕೊಳ್ಳುವ ಮನೆ, ಗಂಗಮ್ಮನಿಗೆ ನಡೆದುಕೊಳ್ಳುವ ಮನೆ. ಮುಳಬಾಗಿಲಿನ ಹೈದರ್ ವಲಿ ದರ್ಗಾಕ್ಕೆ ನಡೆದುಕೊಳ್ಳುವ ಹಿಂದೂ ಮನೆಗಳೂ ಇವೆ. ಮುಡಿ ಕೊಡುವುದು, ಹರಕೆ ತೀರಿಸುವುದು, ವರ್ಷಕ್ಕೊಮ್ಮೆ ದೀಪ ಹೊರುವುದು, ಇವೆಲ್ಲ ಆ ಒಂದು ಮಾತಿನೊಳಗೆ ಬರುತ್ತವೆ. ಒಳಗೆ ಏನು ನಂಬುತ್ತೀಯಮ್ಮಾ ಎಂದು ನನ್ನನ್ನು ಊರಲ್ಲಿ ಯಾರೂ ಕೇಳಿದ್ದಿಲ್ಲ. ದೀಪಕ್ಕೆ ಬರ್ತೀಯಾ ಎಂದು ಮಾತ್ರ ಕೇಳುತ್ತಾರೆ.

ಗೊತ್ತಿರುವುದು, ನಂಬುವುದು, ನಡೆದುಕೊಳ್ಳುವುದು. ಈ ಮೂರನ್ನು ಬೇರೆ ಬೇರೆ ಇಟ್ಟುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಅಜ್ಞೇಯತಾವಾದ ಅನ್ನೋ ಪದ ಎಲ್ಲಿಂದ ಬಂತು? ಬಾಯಿಗೇ ಬರಲ್ಲ.

ನನಗೂ ತೊದಲುತ್ತದೆ. ಇಂಗ್ಲಿಷಿನ ‘ಅಗ್ನಾಸ್ಟಿಕ್’ ಪದವನ್ನು 1869ರಲ್ಲಿ ಕಟ್ಟಿದವರು ಥಾಮಸ್ ಹೆನ್ರಿ ಹಕ್ಸ್‌ಲಿ. ಇಂಗ್ಲೆಂಡಿನ ಜೀವವಿಜ್ಞಾನಿ. ಡಾರ್ವಿನ್ ಪರವಾಗಿ ಊರೆಲ್ಲ ಜಗಳ ಕಾಯುತ್ತಿದ್ದವರು. ಲಂಡನ್ನಿನ ಒಂದು ಚರ್ಚಾಕೂಟದಲ್ಲಿ ಎಲ್ಲರಿಗೂ ಒಂದೊಂದು ವಾದದ ಹೆಸರಿತ್ತು, ಇವರಿಗೆ ಮಾತ್ರ ಇರಲಿಲ್ಲ. ಬಾಲವಿರುವ ನರಿಗಳ ನಡುವೆ ಬಾಲ ಕಳೆದುಕೊಂಡ ನರಿಯ ಹಾಗಾಗಿತ್ತು ತನ್ನ ಪಾಡು ಎಂದು ಆಮೇಲೆ ಅವರೇ ಬರೆದುಕೊಂಡರು. ಅದಕ್ಕೆ ತಾವೇ ಒಂದು ಬಾಲ ಮಾಡಿಕೊಂಡರು. ಗ್ರೀಕಿನಲ್ಲಿ ‘ಗ್ನೋಸಿಸ್’ ಅಂದರೆ ತಿಳಿವು. ಮುಂದೆ ‘ಅ’ ಸೇರಿದರೆ ಇಲ್ಲ ಎಂದರ್ಥ. ನಮ್ಮ ಜ್ಞಾನ, ಅಜ್ಞಾನದ ಹಾಗೇ. ಆ ‘ಗ್ನೋ’, ಈ ‘ಜ್ಞಾ’ ಎರಡೂ ಒಂದೇ ಬೇರಿನವು.

1879ರ ಒಂದು ಪತ್ರದಲ್ಲಿ ಡಾರ್ವಿನ್ ಕೂಡ ತನಗೆ ಈ ಹೆಸರೇ ಹೆಚ್ಚು ಸರಿ ಎಂದಿದ್ದಾರೆ. ದೇವರನ್ನು ಅಲ್ಲಗಳೆಯುವ ಅರ್ಥದಲ್ಲಿ ತಾನು ಯಾವತ್ತೂ ನಾಸ್ತಿಕನಾಗಿರಲಿಲ್ಲ ಎಂದೂ ಅದರಲ್ಲೇ ಹೇಳಿದ್ದಾರೆ.

ಕನ್ನಡದ ಪದದ ಮೇಲೆ ನನ್ನದೊಂದು ಸಣ್ಣ ತಕರಾರಿದೆ. ‘ಅಜ್ಞೇಯ’ ಅಂದರೆ ತಿಳಿಯಲಾಗದ್ದು, ಎಂದೆಂದಿಗೂ. ಹಕ್ಸ್‌ಲಿ ಹೇಳಿದ್ದು ಅಷ್ಟು ಗಡುಸಾಗಿಲ್ಲ. ಆಧಾರ ಇಲ್ಲದೆ ‘ನನಗೆ ಖಚಿತ’ ಅನ್ನಬೇಡ, ಅಷ್ಟೇ. ಅದನ್ನು ಅವರು ಒಂದು ಪದ್ಧತಿ ಎಂದು ಕರೆದರು. ಲ್ಯಾಬಿನಲ್ಲಿ ನಾನು ಮಕ್ಕಳಿಗೆ ಹೇಳುವುದೂ ಅದೇ: ಅಳತೆ ಮಾಡದೆ ರೀಡಿಂಗ್ ಬರೆಯಬೇಡಿ.

“ಗೊತ್ತಿಲ್ಲ” ಅನ್ನೋದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅಲ್ವಾ? ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು.

ಕೆಲವರ ವಿಷಯದಲ್ಲಿ ಹೌದು. ಯಾರ ಹತ್ತಿರವೂ ಕೆಟ್ಟವರಾಗಬಾರದು ಎಂದು “ಗೊತ್ತಿಲ್ಲ” ಅನ್ನುವವರನ್ನು ನಾನೂ ನೋಡಿದ್ದೇನೆ. ಒಂದೊಂದು ಸಲ ನಾನೇ ಹಾಗೆ ಮಾಡಿದ್ದೇನೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳಿದರೆ ಮುಳಬಾಗಿಲು ಬರುವ ತನಕ ವಾದ ಮಾಡಲು ಯಾರಿಗೆ ತಾಳ್ಮೆ ಇದೆ?

ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ಗೂ ಈ ಇಕ್ಕಟ್ಟಿತ್ತು. ತತ್ವಶಾಸ್ತ್ರ ಓದಿದವರ ಮುಂದಾದರೆ ಅಜ್ಞೇಯತಾವಾದಿ ಅನ್ನಬೇಕು, ಯಾಕೆಂದರೆ ದೇವರಿಲ್ಲ ಎಂದು ಸಾಧಿಸಿ ತೋರಿಸುವ ವಾದ ತನ್ನ ಹತ್ತಿರ ಇಲ್ಲ. ಬೀದಿಯಲ್ಲಿ ಸಿಕ್ಕವರ ಮುಂದಾದರೆ ನಾಸ್ತಿಕ ಅನ್ನಬೇಕು, ಇಲ್ಲದಿದ್ದರೆ ಅವರು ತಪ್ಪು ತಿಳಿಯುತ್ತಾರೆ. 1947ರಲ್ಲೇ ಅವರು ಇದನ್ನು ಬರೆದರು. ನನ್ನ ಅನುಭವ ಇದಕ್ಕೆ ತಿರುವುಮುರುವು. ಇಲ್ಲಿ ಬೀದಿಯಲ್ಲಿ “ಗೊತ್ತಿಲ್ಲ” ಅಂದರೆ ಸುಮ್ನೆ ನಕ್ಕು ಬಿಡುತ್ತಾರೆ. “ನಾಸ್ತಿಕಳು” ಅಂದರೆ ಮುಖ ನೋಡುತ್ತಾರೆ.

ಇವತ್ತು ಗೊತ್ತಿಲ್ಲ, ನಾಳೆ ಗೊತ್ತಾಗಬಹುದು ಅಂತಾನಾ? ಅಥವಾ ಎಂದಿಗೂ ಗೊತ್ತಾಗಲ್ಲ ಅಂತಾನಾ?

ಇದನ್ನು ಕೇಳಿದ್ದು ಒಂಬತ್ತನೇ ಕ್ಲಾಸಿನ ಹುಡುಗಿ, ಕೋಲಾರದ ಬೆಟ್ಟದಲ್ಲಿ ಅಂತರಗಂಗೆ ಮೆಟ್ಟಿಲು ಹತ್ತುವಾಗ. ನನಗೆ ಬಂದ ಪ್ರಶ್ನೆಗಳಲ್ಲೇ ಒಳ್ಳೆಯದು.

ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ಊರಿನ ಕೆರೆಗಳು ಬತ್ತಿ ಕ್ರಿಕೆಟ್ ಮೈದಾನ ಆಗಿದ್ದ ವರ್ಷಗಳಲ್ಲೂ ಜನ ಅಲ್ಲಿಗೆ ಹೋಗಿ ಬೊಗಸೆ ಒಡ್ಡುತ್ತಿದ್ದರು. ಕಾಶಿಯ ಗಂಗೆಯೇ ಬೆಟ್ಟದ ಒಳಗಿಂದ ಬರುತ್ತಾಳೆ ಎಂಬುದು ನಂಬಿಕೆ. “ಎಲ್ಲಿಂದ ಬರುತ್ತೋ ಯಾರಿಗೂ ಗೊತ್ತಿಲ್ಲ” ಎಂದು ಹೇಳುವವರೂ ಇದ್ದಾರೆ. ಆದರೆ ಈ “ಗೊತ್ತಿಲ್ಲ” ಬಗೆಹರಿಯುವಂಥದ್ದು. ಮಳೆ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು, ಒಳಗೆ ನಿಂತು, ನಿಧಾನವಾಗಿ ತಗ್ಗಿನಲ್ಲಿ ಹೊರಬಂದರೆ ಅದು ಒರತೆ. ಅನುಮಾನ ಇದ್ದರೆ ಬೆಟ್ಟದ ಮೇಲೆ ಬಣ್ಣದ ನೀರು ಬಿಟ್ಟು ಕೆಳಗೆ ಕಾಯಬಹುದು. ನೀರಿನ ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡಿಸಬಹುದು. ಹೇಗೆ ಹುಡುಕಬೇಕು ಎಂಬುದಾದರೂ ಗೊತ್ತು.

ದೇವರ ವಿಷಯದಲ್ಲಿ ಯಾವ ಬಣ್ಣದ ನೀರು ಬಿಡುವುದು? ಇಲ್ಲಿ ಅಜ್ಞೇಯತಾವಾದಿಗಳೇ ಎರಡು ಗುಂಪು. ಸಾಕ್ಷ್ಯ ಇನ್ನೂ ಸಿಕ್ಕಿಲ್ಲ, ಸಿಕ್ಕರೆ ನೋಡೋಣ ಎನ್ನುವವರು ಮೆದು ಪಂಥ. ಮನುಷ್ಯರ ತಲೆಗೆ ಇದು ಎಂದೂ ನಿಲುಕದು ಎನ್ನುವವರು ಗಟ್ಟಿ ಪಂಥ. ನಾನು ಬೆಳಿಗ್ಗೆ ಮೆದು, ರಾತ್ರಿ ಗಟ್ಟಿ.

ಆ ಹುಡುಗಿಗೆ ಒರತೆಯ ಲೆಕ್ಕ ಎಲ್ಲಾ ಹೇಳಿದೆ. ಚೆನ್ನಾಗಿ ಕೇಳಿಸಿಕೊಂಡಳು. ಆಮೇಲೆ ಬಾಟಲಿಯಲ್ಲಿ ತೀರ್ಥ ಹಿಡಿದುಕೊಂಡು ಅವಳ ಅಜ್ಜಿಗೆಂದು ಚೀಲದಲ್ಲಿ ಇಟ್ಟುಕೊಂಡಳು.

ದೇವರನ್ನು ನಂಬುವವರೂ ಅಜ್ಞೇಯತಾವಾದಿ ಆಗಿರಬಹುದಾ?

ಖಂಡಿತ. ನಮ್ಮ ಅಜ್ಜಿಯೇ ಇದ್ದರಲ್ಲ. “ಕಂಡೋರು ಯಾರಮ್ಮಾ? ಆದ್ರೂ ಒಂದು ದೀಪ ಹಚ್ಚಿಡು” ಅನ್ನುತ್ತಿದ್ದರು. ಗೊತ್ತಾ ಎಂದರೆ ಇಲ್ಲ, ನಂಬ್ತೀಯಾ ಎಂದರೆ ಹೌದು. ಅದೇ ರೀತಿ ನಾಸ್ತಿಕರಲ್ಲೂ ಹೆಚ್ಚಿನವರು “ದೇವರಿಲ್ಲ ಅಂತ ನನಗೆ ಖಚಿತವಾಗಿ ಗೊತ್ತು” ಎನ್ನುವುದಿಲ್ಲ. “ನಂಬಲು ಕಾರಣ ಸಿಕ್ಕಿಲ್ಲ, ಅದಕ್ಕೇ ನಂಬಿಲ್ಲ” ಅನ್ನುತ್ತಾರೆ. ಖಚಿತವಾಗಿ ಇದ್ದಾನೆ, ಖಚಿತವಾಗಿ ಇಲ್ಲ, ಎರಡನ್ನೂ ಮೇಜು ಕುಟ್ಟಿ ಹೇಳುವವರು ನನ್ನ ಲೆಕ್ಕದಲ್ಲಿ ಕಡಿಮೆ. ಸದ್ದು ಜಾಸ್ತಿ ಮಾಡುತ್ತಾರೆ, ಅದಕ್ಕೆ ಅವರೇ ಹೆಚ್ಚು ಅನ್ನಿಸುತ್ತದೆ.

ಇನ್ನು ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರನ್ನೇ ನೋಡಿ. ವೇದಾಂತ ಓದಿಕೊಂಡವರು. 1943ರಲ್ಲಿ ಬಂದ ಅವರ ಕಗ್ಗದ ಶುರುವಿನಲ್ಲೇ ಒಂದು ಪ್ರಶ್ನೆ ಇದೆ: ನಮಗೆ ತಿಳಿಯದ್ದಕ್ಕೆಲ್ಲ ಒಟ್ಟಿಗೆ ಇಟ್ಟ ಹೆಸರೇ ದೇವರೋ? ಅದನ್ನು ಕೇಳಿದ್ದಕ್ಕೆ ಅವರನ್ನು ಯಾರೂ ನಾಸ್ತಿಕ ಎನ್ನಲಿಲ್ಲ.

ನಾಸ್ತಿಕತೆ ಪಶ್ಚಿಮದಿಂದ ಬಂದದ್ದು ಅಂತಾರಲ್ಲ?

‘ನಾಸ್ತಿಕ’ ಪದ ಸಂಸ್ಕೃತದ್ದು. ಪಾಣಿನಿಯ ವ್ಯಾಕರಣದಲ್ಲೇ ಆಸ್ತಿಕ, ನಾಸ್ತಿಕ ಎರಡಕ್ಕೂ ಸೂತ್ರವಿದೆ. ಇನ್ನು ಪಶ್ಚಿಮ ಎಲ್ಲಿಂದ ಬಂತು?

ಮಜಾ ಇರುವುದು ಅರ್ಥದಲ್ಲಿ. ಮನುಸ್ಮೃತಿಯಲ್ಲಿ ನಾಸ್ತಿಕ ಅಂದರೆ ವೇದವನ್ನು ನಿಂದಿಸುವವನು. ದೇವರ ಮಾತು ಅಲ್ಲಿಲ್ಲ. ಹಾಗಾಗಿ ಸೃಷ್ಟಿಕರ್ತನನ್ನು ಒಪ್ಪದ ಸಾಂಖ್ಯ, ಮೀಮಾಂಸೆ ಎರಡೂ ಆಸ್ತಿಕ ದರ್ಶನಗಳು, ವೇದವನ್ನು ಒಪ್ಪಿದ್ದಕ್ಕೆ. ಬೌದ್ಧ, ಜೈನ, ಕಣ್ಣಿಗೆ ಕಂಡದ್ದನ್ನೇ ನಂಬುವ ಚಾರ್ವಾಕ, ಮೂವರೂ ನಾಸ್ತಿಕರ ಸಾಲಿಗೆ. ಯಜ್ಞದ ಒಂದೊಂದು ವಿಧಿಯನ್ನೂ ಎಳೆ ಎಳೆಯಾಗಿ ಬಿಡಿಸುವ ಮೀಮಾಂಸಕರು ಜಗತ್ತನ್ನು ಸೃಷ್ಟಿಸಿದ ಒಬ್ಬ ದೇವರು ಬೇಕಿಲ್ಲ ಅಂದರು ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಇವತ್ತಿಗೂ ನಂಬುವುದಿಲ್ಲ. ಮೀಮಾಂಸಕರದು ಪೂರ್ತಿ ನಡೆದುಕೊಳ್ಳುವ ಧರ್ಮ ನೋಡಿ.

“ಗೊತ್ತಿಲ್ಲ” ಅನ್ನುವುದೂ ಇಲ್ಲಿ ಹಳೆಯದೇ. ಋಗ್ವೇದದ ಹತ್ತನೇ ಮಂಡಲದ 129ನೇ ಸೂಕ್ತವು ಸೃಷ್ಟಿ ಎಲ್ಲಿಂದ ಬಂತು ಎಂದು ಕೇಳುತ್ತದೆ. ಮೇಲಿನ ಆಕಾಶದಲ್ಲಿ ಕೂತು ನೋಡುವವನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲದಿರಬಹುದು ಎಂದು ಹೇಳಿ ಅಲ್ಲಿಗೇ ನಿಲ್ಲುತ್ತದೆ. ಬುದ್ಧನ ಕಾಲದಲ್ಲಿ ಸಂಜಯ ಬೇಲಟ್ಠಿಪುತ್ತ ಎಂಬ ಗುರುವಿದ್ದ. ಪರಲೋಕ ಇದೆಯಾ ಎಂದರೆ, ಇದೆ ಅನ್ನಲ್ಲ, ಇಲ್ಲ ಅನ್ನಲ್ಲ, ಹಾಗೂ ಅನ್ನಲ್ಲ, ಹೀಗೂ ಅನ್ನಲ್ಲ. ಕೈಗೆ ಸಿಗದ ಹಾವುಮೀನಿನ ಹಾಗೆ ಎಂದು ಬೌದ್ಧರು ಅಂಥವರನ್ನು ಗೇಲಿ ಮಾಡಿದರು. ಅಡ್ಡಗೋಡೆ ದೀಪದ ಆರೋಪ ಆಗಲೇ ಇತ್ತು ಅಂತಾಯ್ತು.

ದೇವರಿಲ್ಲದೆ ಧರ್ಮ ಇರುತ್ತಾ?

ಇರುತ್ತದೆ. ಜೈನರಿಗೆ ಸೃಷ್ಟಿಕರ್ತ ಇಲ್ಲ, ಬಸದಿ ಇದೆ, ಪೂಜೆ ಇದೆ, ಉಪವಾಸ ನಮಗಿಂತ ಕಠಿಣ. ನಮ್ಮ ಕೆಜಿಎಫ್‌ನ ಗಣಿ ಕಾರ್ಮಿಕರ ನಡುವೆ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಬೌದ್ಧ ಸಂಘ ಬೇರುಬಿಟ್ಟಿತ್ತು. ಅಂಬೇಡ್ಕರ್ 1956ರಲ್ಲಿ ನಾಗಪುರದಲ್ಲಿ ದೀಕ್ಷೆ ತೆಗೆದುಕೊಳ್ಳುವುದಕ್ಕಿಂತ ಎಷ್ಟೋ ಮೊದಲು. ಜಾತಿಯ ಕೆಳಗೆ ನಜ್ಜುಗುಜ್ಜಾದವರಿಗೆ ಬೇಕಾಗಿದ್ದದ್ದು ಮನುಷ್ಯರಾಗಿ ನಿಲ್ಲುವ ಜಾಗ. ದೇವರಿದ್ದಾನಾ ಎಂಬ ಪ್ರಶ್ನೆ ಆಮೇಲಿನದು.

ಬುದ್ಧನೂ ಅದನ್ನೇ ಹೇಳಿದ್ದು. ಲೋಕ ಶಾಶ್ವತವೋ ಅಲ್ಲವೋ ಹೇಳದಿದ್ದರೆ ಹೊರಟುಹೋಗುತ್ತೇನೆ ಎಂದು ಮಾಲುಂಕ್ಯಪುತ್ತ ಎಂಬ ಶಿಷ್ಯ ಹಟ ಹಿಡಿದ. ಅದಕ್ಕೆ ಬುದ್ಧನ ಉತ್ತರ: ಮೈಗೆ ವಿಷದ ಬಾಣ ನೆಟ್ಟವನು, ಹೊಡೆದವನ ಕುಲ ಯಾವುದು, ಬಿಲ್ಲು ಯಾವ ಮರದ್ದು ಎಂದು ತಿಳಿಯುವ ತನಕ ಬಾಣ ಕೀಳಿಸಿಕೊಳ್ಳುವುದಿಲ್ಲ ಎಂದರೆ ಏನಾಗುತ್ತದೆ? ಸಾಯುತ್ತಾನೆ. ಇದು ಹಕ್ಸ್‌ಲಿಯ “ಗೊತ್ತಿಲ್ಲ”ಕ್ಕಿಂತ ಬೇರೆ. ಸದ್ಯಕ್ಕೆ ಆ ಪ್ರಶ್ನೆ ಬಿಡು ಅನ್ನುವುದು.

ದೇವರಿಲ್ಲ ಅಂತ ಸಾಬೀತು ಮಾಡಿ ನೋಡೋಣ!

ನಾನು ಇಲ್ಲ ಎಂದು ಹೇಳೇ ಇಲ್ಲವಲ್ಲ. ಆದರೂ ನನ್ನ ನಾಸ್ತಿಕ ಗೆಳೆಯರ ಪರವಾಗಿ ಒಂದು ಮಾತು. ಭೂಮಿಗೂ ಮಂಗಳಕ್ಕೂ ನಡುವೆ ಒಂದು ಪಿಂಗಾಣಿ ಟೀ ಪಾತ್ರೆ ಸೂರ್ಯನನ್ನು ಸುತ್ತುತ್ತಿದೆ, ಯಾವ ದೂರದರ್ಶಕಕ್ಕೂ ಕಾಣದಷ್ಟು ಚಿಕ್ಕದು ಎಂದು ನಾನು ಹೇಳಿದರೆ ನೀವು ಸುಳ್ಳೆಂದು ತೋರಿಸಲಾರಿರಿ. ಅಷ್ಟಕ್ಕೇ ನಂಬುತ್ತೀರಾ? ಇದು 1952ರ ರಸೆಲ್ ಉದಾಹರಣೆ. ಇದೆ ಎನ್ನುವವರೇ ತೋರಿಸಬೇಕು ಎಂಬುದು ತಾತ್ಪರ್ಯ. ಆಸ್ತಿಕರು ಇದಕ್ಕೆ, ದೇವರೇನು ಟೀ ಪಾತ್ರೆಯ ಹಾಗೆ ಒಂದು ಸಾಮಾನಾ, ಇಡೀ ಜಗತ್ತು ಇರುವುದಕ್ಕೇ ಕಾರಣ ಕೇಳುತ್ತಿದ್ದೇವೆ ಅನ್ನುತ್ತಾರೆ. ಅದೂ ತೆಗೆದುಹಾಕುವ ಮಾತಲ್ಲ.

ಎಚ್. ನರಸಿಂಹಯ್ಯನವರು ಪವಾಡ ಪರೀಕ್ಷೆ ಮಾಡಿದ್ರಲ್ಲ. ಹಾಗಾದ್ರೆ ದೇವರ ಪರೀಕ್ಷೆ ಆದ ಹಾಗೇ ಅಲ್ವಾ?

ಅಲ್ಲ. ಎಚ್ಚೆನ್ ನಮ್ಮ ಪಕ್ಕದವರೇ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದರು. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ಭೌತವಿಜ್ಞಾನಿ, ಗಾಂಧಿವಾದಿ, ಖಾದಿ ಬಟ್ಟೆ, ಹಾಸ್ಟೆಲ್ ರೂಮಿನ ವಾಸ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಸಿಗುವ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿ ರಚಿಸಿದರು. ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು ಸಮಿತಿಯ ಮುಂದೆ ಪವಾಡ ಮಾಡಿ ತೋರಿಸಲು ಕೇಳಿದರು. ಅದು ನಡೆಯಲಿಲ್ಲ.

ಸಮಿತಿಯ ಹೆಸರಿನಲ್ಲೇ ಉತ್ತರವಿದೆ: ಪರೀಕ್ಷೆಗೆ ಸಿಗುವ. ಗಾಳಿಯಿಂದ ವಿಭೂತಿ ಬಂತು ಎಂದರೆ ನೋಡಬಹುದು. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಕಾಣಿಕೆ ಹಾಕಿದವರಿಗೆ ಚೇಳು ಕಚ್ಚಲ್ಲ ಎಂದರೆ ಅದನ್ನೂ ಲೆಕ್ಕ ಇಟ್ಟು ನೋಡಬಹುದು. “ದೇವರಿದ್ದಾನೆ” ಎಂಬುದನ್ನು ಹಾಗೆ ನೋಡಲು ಬರುವುದಿಲ್ಲ. ಪವಾಡವೆಲ್ಲ ಕೈಚಳಕ ಎಂದು ತಿಳಿದೂ ಗಾಢವಾಗಿ ದೇವರನ್ನು ನಂಬುವವರು ಬೇಕಾದಷ್ಟಿದ್ದಾರೆ.

ನಾಸ್ತಿಕರಿಗೆ ಮೂಢನಂಬಿಕೆ ಇರಲ್ಲ ಅಲ್ವಾ?

ಅಯ್ಯೋ, ಯಾರು ಹೇಳಿದ್ದು? ನನಗೆ ಗೊತ್ತಿರುವ ಒಬ್ಬ ಅಣ್ಣ ಇದ್ದಾರೆ. ಟೊಮೆಟೊ ಬೆಳೆಯುತ್ತಾರೆ. ಗುಡಿ ಹೊಸ್ತಿಲು ತುಳಿದವರಲ್ಲ. ಎರಡು ಬೋರ್ ಫೇಲ್ ಆದ ಮೇಲೆ ಮೂರನೆಯದಕ್ಕೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರನ್ನು ಕರೆಸಿದರು. ಕಾಯಿ ಎದ್ದು ನಿಂತ ಜಾಗದಲ್ಲೇ ಪಾಯಿಂಟ್. ಸಾವಿರ ಅಡಿ ದಾಟಿದರೂ ಬರೀ ಧೂಳು ಬಂತು. “ಏನಣ್ಣಾ ಇದು” ಅಂದೆ. “ಲಕ್ಷಗಟ್ಟಲೆ ಸಾಲ ಮಾಡಿ ನೆಲ ಕೊರೆಸೋವಾಗ ಯಾವನಿಗೂ ತಲೆ ನೆಟ್ಟಗಿರಲ್ಲಮ್ಮ” ಅಂದರು. ಅವರು ನಂಬಿದ್ದರು ಎಂದು ನನಗನ್ನಿಸುವುದಿಲ್ಲ. ಭಯ ಇತ್ತು.

ಮಳೆ ಹೋದಾಗ ಹುಡುಗರು ಮಣ್ಣಿನ ಮಳೆರಾಯನನ್ನು ಹಲಗೆ ಮೇಲೆ ಹೊತ್ತು ಮನೆ ಮನೆಗೆ ಬರುತ್ತಾರಲ್ಲ, ಅದನ್ನು ಮಾತ್ರ ನಾನು ಮೂಢನಂಬಿಕೆ ಪಟ್ಟಿಗೆ ಸೇರಿಸುವುದಿಲ್ಲ. ಮಕ್ಕಳ ತಲೆ ಮೇಲೆ ಒಂದು ಕೊಡ ನೀರು ಸುರಿಯುವುದಷ್ಟೇ ಅಲ್ಲಿರುವುದು. ಯಾರಿಗೂ ಸಾಲ ಆಗಲ್ಲ.

ದೇವರ ಭಯ ಇಲ್ಲದವರಿಗೆ ನೀತಿ ಇರುತ್ತಾ?

ದೇವರ ಭಯ ಇದ್ದವರಿಗೆಲ್ಲ ಇದೆಯಾ? ಮುಂದಿನ ಪ್ರಶ್ನೆ.

ನೀವು ಊರ ದೀಪಕ್ಕೆ ಹೋಗ್ತೀರಂತೆ. ಇದು ಬೂಟಾಟಿಕೆ ಅಲ್ವಾ?

ಇದು ಚುಚ್ಚುವ ಪ್ರಶ್ನೆ. ವಿವರವಾಗಿ ಹೇಳುತ್ತೇನೆ.

ನಮ್ಮೂರ ದ್ಯಾವಮ್ಮನಿಗೆ ವರ್ಷಕ್ಕೊಮ್ಮೆ ದೀಪ. ಅಕ್ಕಿಹಿಟ್ಟು, ಬೆಲ್ಲ ಕಲಸಿದ ತಂಬಿಟ್ಟಿನಲ್ಲಿ ದೀಪ ಮಾಡಿ, ತಟ್ಟೆಗೆ ಹೂವು ಕಟ್ಟಿ, ಹೆಂಗಸರು ತಲೆ ಮೇಲೆ ಹೊತ್ತು ತಮಟೆ ಹಿಂದೆ ಹೋಗಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ತತ್ವದ ಬಿಸಿ ಜಾಸ್ತಿ ಇತ್ತು. ನಂಬದ್ದನ್ನು ಹೊರುವುದಿಲ್ಲ ಎಂದು ಒಂದು ವರ್ಷ ಕೋಲಾರದಲ್ಲೇ ಉಳಿದೆ. ನಮ್ಮ ಮನೆಯಿಂದ ಎರಡು ದೀಪ ಹೋಗುವುದು ವಾಡಿಕೆ. ಅಮ್ಮ ಒಂದನ್ನು ಗುಡಿಗೆ ಇಟ್ಟು, ಮಂಡಿನೋವಿನಲ್ಲಿ ವಾಪಸ್ ಬಂದು, ಎರಡನೆಯದನ್ನು ಹೊತ್ತು ಮತ್ತೆ ಹೋದರಂತೆ. ಅದನ್ನು ಅವರು ಹೇಳಲಿಲ್ಲ. ದೊಡ್ಡಮ್ಮ ಹೇಳಿದರು. ಆ ವರ್ಷ ರಾಗಿ ಕೈಕೊಟ್ಟಿತು, ಅದಕ್ಕೂ ನನ್ನ ಹೆಸರೇ ಬಂತು.

ಮುಂದಿನ ವರ್ಷದಿಂದ ಹೋಗುತ್ತಿದ್ದೇನೆ. ಗೊತ್ತಾ? ಇಲ್ಲ. ನಂಬ್ತೀಯಾ? ಇಲ್ಲ. ನಡೆದುಕೊಳ್ತೀಯಾ? ಹೌದು, ತಟ್ಟೆ ಹೊರುವಷ್ಟು. ಇದನ್ನು ಬೂಟಾಟಿಕೆ ಅನ್ನುವವರಿದ್ದರೆ ಅನ್ನಲಿ. ಕೋಣ ಕಡಿಯುವುದಕ್ಕೋ, ಒಬ್ಬರನ್ನು ಗುಡಿ ಹೊರಗೆ ನಿಲ್ಲಿಸುವುದಕ್ಕೋ ಕರೆದರೆ ನಾನು ಹೋಗುವವಳಲ್ಲ. ಗೆರೆ ಅಲ್ಲಿದೆ.

ಇನ್ನೊಂದು ಗಮನಿಸಿ. ನನ್ನ ಚಿಕ್ಕಪ್ಪನ ಮಗ ಊರಿಗೇ ಗೊತ್ತಿರುವ ನಾಸ್ತಿಕ. ಅವನು ಯಾವ ವರ್ಷವೂ ಹೋಗಲ್ಲ, ಅವನನ್ನು ಯಾರೂ ಕೇಳಲ್ಲ. ಯಾಕೆಂದರೆ ಅವನ ಪಾಲಿನ ದೀಪವನ್ನು ಅವನ ಹೆಂಡತಿ ಹೊರುತ್ತಾಳೆ. ಗಂಡಸರಿಗೆ ನಾಸ್ತಿಕತೆ ಬಲು ಅಗ್ಗ.

ಕಾನೂನಿನಲ್ಲಿ ಧರ್ಮ ಇಲ್ಲದವರಿಗೆ ಜಾಗ ಇದೆಯಾ?

ಇದೆ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಡುತ್ತದೆ. ನಂಬದಿರುವುದೂ ಅದರೊಳಗೇ ಬರುತ್ತದೆ. 2014ರಲ್ಲಿ ಬಾಂಬೆ ಹೈಕೋರ್ಟ್, ಯಾವ ಧರ್ಮಕ್ಕೂ ಸೇರಿಲ್ಲ ಎಂದು ಹೇಳುವ ಹಕ್ಕು ಜನರಿಗಿದೆ, ಸರ್ಕಾರ ಒತ್ತಾಯಿಸುವಂತಿಲ್ಲ ಎಂದಿತು. ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ದೇವರ ಹೆಸರಿನ ಬದಲು ‘ದೃಢೀಕರಿಸುತ್ತೇನೆ’ ಎನ್ನಬಹುದು. ಧರ್ಮದ ವಿಧಿಗಳಿಲ್ಲದೆ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆ ಇದೆ. 30 ದಿನದ ನೋಟಿಸ್ ಅಂಟಿಸುತ್ತಾರೆ, ಮನೆಯವರಿಗೆ ಹೇಳದೆ ಹೋಗುವವರು ಅದನ್ನು ನೆನಪಿಟ್ಟುಕೊಳ್ಳಿ.

2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 28.7 ಲಕ್ಷ ಜನರ ಮುಂದೆ ‘ಧರ್ಮ ತಿಳಿಸಿಲ್ಲ’ ಎಂದಿತ್ತು. ಅವರೆಲ್ಲ ನಾಸ್ತಿಕರು ಎಂದು ಲೆಕ್ಕ ಹಾಕಬೇಡಿ.

ಒಂದು ಎಚ್ಚರಿಕೆ. ಪರಿಶಿಷ್ಟ ಜಾತಿಯ ಸ್ಥಾನಮಾನ 1950ರ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮದವರಿಗೆ ಮಾತ್ರ. ಉತ್ಸಾಹದಲ್ಲಿ ಫಾರಂನ ಧರ್ಮದ ಕಾಲಂ ತುಂಬುವ ಮುಂಚೆ ತಿಳಿದ ವಕೀಲರನ್ನು ಕೇಳಿ.

ಕಷ್ಟ ಬಂದಾಗ ನೀವು ದೇವರನ್ನು ಕರೆಯಲ್ವಾ?

ಕರೆದಿದ್ದೇನೆ. ಅಪ್ಪನನ್ನು ಐಸಿಯುಗೆ ಒಯ್ದಾಗ “ಅಯ್ಯೋ ದೇವ್ರೇ” ಎಂದೇ ಬಾಯಿಗೆ ಬಂತು. ಹೊರಗೆ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಬುರ್ಖಾ ಹಾಕಿದ ಅಮ್ಮ ನನ್ನ ಕೈ ಹಿಡಿದು “ದೇವರಿದ್ದಾನೆ ಬಿಡಮ್ಮ” ಅಂದರು. “ನನಗೆ ಗೊತ್ತಿಲ್ಲ” ಎಂದು ಹೇಳುವ ಜಾಗ ಅದಾಗಿರಲಿಲ್ಲ. ಹೂಂ ಅಂದೆ.

ಅದರಿಂದ ನಾನು ಒಳಗೊಳಗೇ ಆಸ್ತಿಕಳು ಎಂದು ತೀರ್ಮಾನ ಮಾಡುವವರಿದ್ದಾರೆ. ಕಾಲು ಎಡವಿದರೆ “ಅಮ್ಮಾ” ಎನ್ನುತ್ತೇವೆ, ಅಮ್ಮ ಬಂದು ಎತ್ತುತ್ತಾಳೆ ಎಂದಲ್ಲವಲ್ಲ.

ಪ್ರಸಾದ ತಿನ್ನಬಹುದಾ?

ತಿನ್ನಿ. ಕುರುಡುಮಲೆಯಲ್ಲಿ ಹೊಸ ಗಾಡಿ ಪೂಜೆ ಮಾಡಿಸಿ ಬಂದವರು ಪುಳಿಯೋಗರೆ ಕೊಟ್ಟರೆ ನಾನು ಎರಡು ದೊನ್ನೆ ಕೇಳುತ್ತೇನೆ.